ಪಿಎಚ್‌ಪಿ ಸತ್ತಿದೆಯಂತೆ, ಇನ್ನೂ ಕಲಿಯಬೇಕಾ?

ಕಲಬುರಗಿಯಲ್ಲಿ ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ. ಪಿಎಚ್‌ಪಿ ಅಂದರೆ ವೆಬ್‌ಸೈಟ್‌ಗಳ ಹಿಂದೆ, ಸರ್ವರ್‌ನಲ್ಲಿ ಓಡುವ ಒಂದು ಪ್ರೋಗ್ರಾಮಿಂಗ್ ಭಾಷೆ. ಬಿಸಿಎ, ಇಂಜಿನಿಯರಿಂಗ್ ಹುಡುಗರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಸರ್, ಪಿಎಚ್‌ಪಿ ಸತ್ತದ ಅಂತಾರಲ್ರಿ, ಮತ್ತ ಕಲೀಬೇಕೇನ್ರಿ?"

ಈ ಊರಲ್ಲೇ ಇದ್ದು ದುಡಿಯೋದಾದರೆ ಕಲಿಯಿರಿ. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ದೊಡ್ಡ ಕಂಪನಿ ಸೇರುವ ಆಸೆ ಇದ್ದರೆ ಮೊದಲು ಜಾವಾಸ್ಕ್ರಿಪ್ಟ್ ಅಥವಾ ಪೈಥಾನ್ ಭಾಷೆ ಹಿಡಿಯಿರಿ. ಇಷ್ಟಕ್ಕೇ ಯಾರೂ ಬಿಡೋದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸತ್ತಿದೆ ಅನ್ನೋದು ಸುಳ್ಳು. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಪಿಎಚ್‌ಪಿಯದ್ದು. ಕನ್ನಡ ವಿಕಿಪೀಡಿಯ ನಡೆಯೋದೂ ಅದರಲ್ಲೇ. ಆದರೆ ಪಿಎಚ್‌ಪಿ ಹುಟ್ಟಿದ್ದು ಭಾಷೆಯಾಗಿ ಅಲ್ಲ. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವಂತ ಪುಟಕ್ಕೆ ಬೇಕಂತ ಒಂದಿಷ್ಟು ಪ್ರೋಗ್ರಾಂ ಬರೆದುಕೊಂಡರು, 1995ರಲ್ಲಿ ಎಲ್ಲರಿಗೂ ಕೊಟ್ಟರು. ಮುಂದೆ ಬಂದವರೆಲ್ಲ ತಮಗೆ ಬೇಕಾದ್ದನ್ನು ಸೇರಿಸುತ್ತಾ ಹೋದರು. ಗುಣ, ದೋಷ ಎರಡಕ್ಕೂ ಬೇರು ಅಲ್ಲೇ ಇದೆ.

ನನ್ನ ಗಿರಾಕಿಗಳು ಅಂದರೆ ದಾಲ್ ಮಿಲ್‌ನವರು, ಕೋಚಿಂಗ್ ಕ್ಲಾಸಿನವರು, ಕಲ್ಯಾಣ ಮಂಟಪದವರು. ಅವರಿಗೆ ಬೇಕಾದ್ದು ನಾಲ್ಕು ಫೋಟೋ, ಒಂದು ಫಾರ್ಮ್, ಇವತ್ತಿನ ತೊಗರಿ ದರ. "ತಮ್ಮಾ, ಜಾಸ್ತಿ ಖರ್ಚ್ ಹಚ್ಚಬ್ಯಾಡ" ಅನ್ನೋದು ಮೊದಲ ಮಾತು. ತೀರಾ ಅಗ್ಗದ ಹೋಸ್ಟಿಂಗ್‌ನಲ್ಲೂ (ಸೈಟ್ ಇಡಲು ಬಾಡಿಗೆಗೆ ಸಿಗುವ ಸರ್ವರ್ ಜಾಗ) ಪಿಎಚ್‌ಪಿ ಇರುತ್ತದೆ. ಫೈಲ್ ಏರಿಸಿದರೆ ಸೈಟ್ ಶುರು. ತಪ್ಪಿದ್ದರೆ ಆ ಸಾಲು ತಿದ್ದಿ ಸೇವ್ ಮಾಡಿ, ಪುಟ ರಿಫ್ರೆಶ್ ಮಾಡಿದರೆ ಆಯ್ತು. ಸರ್ವರ್ ಬಂದ್ ಮಾಡಿ ಚಾಲೂ ಮಾಡುವ ಗೋಜಿಲ್ಲ.

ಇನ್ನೊಂದು ಗುಣ ಹೊರಗೆ ಕಾಣೋದಿಲ್ಲ. ಯಾರಾದರೂ ಪುಟ ತೆರೆದಾಗ ಪಿಎಚ್‌ಪಿ ಮೊದಲಿಂದ ಶುರುವಾಗುತ್ತದೆ, ಪುಟ ಕೊಟ್ಟು ಎಲ್ಲವನ್ನೂ ಮರೆಯುತ್ತದೆ. ಒಬ್ಬರ ಪುಟದಲ್ಲಿ ಎಡವಟ್ಟಾದರೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ತೊಂದರೆಯಿಲ್ಲ. ರಾತ್ರಿ ಹನ್ನೆರಡಕ್ಕೆ ಫೋನ್ ಬರೋದು ಕಡಿಮೆ. ಆದರೆ ಚಾಟ್, ಲೈವ್ ಹರಾಜು ಅಂಥವಕ್ಕೆ ಸಂಪರ್ಕ ಸದಾ ತೆರೆದಿರಬೇಕಲ್ವಾ? ಅಲ್ಲಿ ಈ ಮರೆವೇ ತಲೆನೋವು. ಅಂಥ ಕೆಲಸಕ್ಕೆ ನಾನು ಜಾವಾಸ್ಕ್ರಿಪ್ಟನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ (Node) ಬಳಸುತ್ತೇನೆ. ವೇಗದ ದೂರು ಮಾತ್ರ ಹಳೇದು. 2015ರ ಪಿಎಚ್‌ಪಿ 7 ಬಂದ ಮೇಲೆ ಅದು ಬಹಳಷ್ಟು ತಗ್ಗಿದೆ.

ನನಗೆ ನಿಜವಾಗಿ ಸಿಟ್ಟು ತರಿಸೋದು ಬೇರೆ. "ಕಲಬುರಗಿ" ಎಷ್ಟು ಅಕ್ಷರ? ಐದು. ಪದದ ಉದ್ದ ಹೇಳುವ ಸ್ಟ್ರ್‌ಲೆನ್ (strlen) ಅನ್ನುವ ಫಂಕ್ಷನ್ನಿಗೆ ಕೇಳಿ, 21 ಅನ್ನುತ್ತದೆ. ಅದು ಎಣಿಸೋದು ಅಕ್ಷರಗಳನ್ನಲ್ಲ, ಕಂಪ್ಯೂಟರ್ ಅವನ್ನು ಇಡುವ ಬೈಟ್‌ಗಳನ್ನು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಗುಣಿತದ ಕೊಂಬು, ಗುಡಿಸಿಗೂ ಬೇರೆ ಮೂರು. ಸುದ್ದಿ ಸೈಟಿನಲ್ಲಿ ಶೀರ್ಷಿಕೆಯ ಕೊನೆಗೆ ಕಪ್ಪು ಡೈಮಂಡ್ ಆಕಾರದಲ್ಲಿ ಪ್ರಶ್ನಾರ್ಥಕ ಚಿಹ್ನೆ ನೋಡಿದ್ದೀರಲ್ಲ? ಹೆಚ್ಚಾಗಿ ಯಾರೋ ಅಕ್ಷರದ ನಡುವೆಯೇ ಕತ್ತರಿ ಆಡಿಸಿರುತ್ತಾರೆ. ಬೈಟ್ ಬದಲು ಚಿಹ್ನೆ ಎಣಿಸುವ ಎಂಬಿ_ಸ್ಟ್ರ್‌ಲೆನ್ 7 ಅನ್ನುತ್ತದೆ, ಅದೂ ಪೂರಾ ಸರಿಯಲ್ಲ. ಅದರ ಜೊತೆಗಾರ ಎಂಬಿ_ಸಬ್‌ಸ್ಟ್ರ್‌ಗೆ ಮೂರಕ್ಕೆ ಕತ್ತರಿಸು ಅಂದರೆ "ಕಲಬ" ಕೊಡುತ್ತದೆ, ಬು ಹೋಗಿ ಬ ಆಗಿರುತ್ತದೆ. ಐದು ಅಂತ ಹೇಳುವುದು ಗ್ರಾಫೀಮ್_ಸ್ಟ್ರ್‌ಲೆನ್. ಅದಕ್ಕೆ ಇಂಟ್ಲ್ (intl) ಅನ್ನುವ ಎಕ್ಸ್‌ಟೆನ್ಶನ್, ಅಂದರೆ ಹೆಚ್ಚುವರಿ ಭಾಗ, ಬೇಕು. ಇದನ್ನು ಬುಡದಿಂದಲೇ ಸರಿಮಾಡಲು ಪಿಎಚ್‌ಪಿ 6 ಅಂತ ಹೊರಟಿದ್ದರು. ಮುಗಿಯಲಿಲ್ಲ, 2010ರಲ್ಲಿ ಕೈಬಿಟ್ಟರು. ಅದಕ್ಕೇ 5 ಆದ ಮೇಲೆ ಸೀದಾ 7. ಇಂಗ್ಲಿಷಿನಲ್ಲೇ ಸೈಟ್ ಮಾಡುವವರಿಗೆ ಈ ಗೋಳು ಗೊತ್ತೇ ಆಗೋದಿಲ್ಲ.

ಸಣ್ಣಪುಟ್ಟ ವಿಚಿತ್ರಗಳೂ ಇವೆ. ಹುಡುಕುವ ಫಂಕ್ಷನ್‌ಗಳನ್ನೇ ನೋಡಿ: ಸ್ಟ್ರ್‌ಪಾಸ್‌ಗೆ ಎಲ್ಲಿ ಹುಡುಕಬೇಕು ಅನ್ನೋದನ್ನು ಮೊದಲು ಹೇಳಬೇಕು, ಇನ್_ಅರೇಗೆ ಏನನ್ನು ಹುಡುಕಬೇಕು ಅನ್ನೋದನ್ನು. ಸೊನ್ನೆಯೂ "ತೊಗರಿ"ಯೂ ಒಂದೇನಾ ಅಂತ == (ಎರಡು ಸಮ ಚಿಹ್ನೆ) ಹಾಕಿ ಕೇಳಿದರೆ ಹೌದು ಅನ್ನುತ್ತಿತ್ತು! 2020ರ ಪಿಎಚ್‌ಪಿ 8ರಲ್ಲಿ ಇದನ್ನು ಸರಿಮಾಡಿದರು. ಅಂಕಿಯೋ ಪದವೋ ಅಂತಲೂ ನೋಡುವ ಮೂರು ಸಮ ಚಿಹ್ನೆ (===) ಹಾಕುವ ಅಭ್ಯಾಸ ಮಾತ್ರ ಬಿಡಬೇಡಿ.

ಭಾಷೆಗಿಂತ ಅದರ ಹಳೇ ಪಾಠಗಳಿಂದ ಆಗುವ ಹಾಳು ಜಾಸ್ತಿ ಅಂತ ನನ್ನ ಅನಿಸಿಕೆ. ಹುಡುಗರು ತಂದು ತೋರಿಸುವ ನೋಟ್ಸ್‌ನಲ್ಲಿ ಡೇಟಾಬೇಸ್‌ಗೆ ಕ್ವೆರಿ (ಪ್ರಶ್ನೆ) ಕಳಿಸುವ ಹಳೇ ಫಂಕ್ಷನ್ ಮೈಎಸ್‌ಕ್ಯೂಎಲ್_ಕ್ವೆರಿ ಇನ್ನೂ ಇರುತ್ತದೆ. ಪಿಎಚ್‌ಪಿ 7ರಲ್ಲೇ ಅದನ್ನು ತೆಗೆದುಹಾಕಿ ಆಗಿದೆ. ಫಾರ್ಮ್‌ನಲ್ಲಿ ಬಂದ ಹೆಸರನ್ನು ಹಾಗೇ ಕ್ವೆರಿಗೆ ಅಂಟಿಸೋದನ್ನೂ ಆ ನೋಟ್ಸೇ ಕಲಿಸುತ್ತದೆ. ಅಂದರೆ ಹೆಸರಿನ ಜಾಗದಲ್ಲಿ ಕಿಡಿಗೇಡಿಯೊಬ್ಬ ಡೇಟಾಬೇಸ್‌ಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ಬರೆದು ಇಡೀ ಟೇಬಲ್ ಓದಿಬಿಡಬಹುದು. ಪಿಡಿಒ (ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಸೌಲಭ್ಯ), ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಫಾರ್ಮ್‌ನ ಮಾಹಿತಿಯನ್ನು ಕ್ವೆರಿಯಿಂದ ಬೇರೆಯಾಗಿಡುವ ಪದ್ಧತಿ) ಇಲ್ಲದ ಪಾಠವಾದರೆ ಅಲ್ಲಿಗೇ ಮುಚ್ಚಿಡಿ.

ಕಲಿಯುವವರು ಪಿಎಚ್‌ಪಿಯ ಸಿದ್ಧ ಚೌಕಟ್ಟಾದ (ಫ್ರೇಮ್‌ವರ್ಕ್) ಲಾರಾವೆಲ್‌ಗೆ ಹಾರುವ ಮೊದಲು ಬರೀ ಪಿಎಚ್‌ಪಿಯಲ್ಲಿ ಒಂದು ಲಾಗಿನ್, ಒಂದು ದರ ಪಟ್ಟಿ ಮಾಡಿ ನೋಡಿ. ಹೋಸ್ಟಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಎರಡು ಮಾತು ಕೇಳಿ: ಪಿಎಚ್‌ಪಿ ಯಾವ ವರ್ಶನ್, ಇಂಟ್ಲ್ ಇದೆಯಾ? 7.4 ಅಂದರೆ ಬೇರೆ ಕಡೆ ನೋಡಿ, ಅದಕ್ಕೆ ಭದ್ರತಾ ತಿದ್ದುಪಡಿ ಬರೋದು 2022ಕ್ಕೇ ನಿಂತಿದೆ.