ರಿಂಗಿನ ನಡುವಿನ ನಾಲ್ಕು ಸೆಕೆಂಡು

ಕಳೆದ ವಾರ ಜರ್ಮನಿಯ ಸ್ಟುಟ್‌ಗಾರ್ಟಿನ ನಮ್ಮ ಆಫೀಸಿನಲ್ಲಿ ಹಳೇ ಫೋನುಗಳನ್ನೆಲ್ಲ ತೆಗೆದು ಇಂಟರ್ನೆಟ್ ಫೋನು ಹಾಕಿದೆವು. ಮರುದಿನ ಬೆಳಗ್ಗೆಯೇ ರಿಸೆಪ್ಷನ್‌ನವರು ಕರೆದರು. ಮುಂದಿನ ವರ್ಷ ರಿಟೈರ್ ಆಗುವವರು ಅವರು. ರಿಸೀವರನ್ನು ನನ್ನ ಕಿವಿಗೆ ಹಿಡಿದು, "ಕೇಳಿ, ಬೇರೆ ಯಾವುದೋ ದೇಶದಲ್ಲಿ ಕೂತ ಹಾಗಿದೆ" ಅಂದರು.

ಅವರು ಹೇಳಿದ್ದು ನಿಜ. ಫೋನುಗಳು ಬಂದಿದ್ದೇ ಅಮೆರಿಕದ ಟೋನ್ ಜೊತೆಗೆ. ರಿಸೀವರ್ ಎತ್ತಿದ ಕೂಡಲೇ ಕೇಳುವ ಅಲ್ಲಿನ ಡಯಲ್ ಟೋನ್‌ನಲ್ಲಿ 350 ಮತ್ತು 440 ಹರ್ಟ್ಜ್‌ನ ಎರಡು ಸ್ವರ ಸೇರಿರುತ್ತವೆ. ಜರ್ಮನಿಯದು 425ರ ಒಂದೇ ಸ್ವರ. ಹಿಂದೆ ಈ ಸದ್ದೆಲ್ಲ ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಈಗ ಎಷ್ಟೋ ಸಲ ಮೇಜಿನ ಮೇಲಿನ ಫೋನೇ ಅದನ್ನು ಹೊರಡಿಸುತ್ತದೆ. ಸೆಟ್ಟಿಂಗ್‌ನಲ್ಲಿ ದೇಶ ಬದಲಿಸಿದರೆ ಆಯ್ತು.

ಬದಲಿಸಿದೆ. ಅವರ ಮುಖ ಅರಳಿತು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಹದಿನೆಂಟು ವರ್ಷದಿಂದ ಬೇರೆ ದೇಶದಲ್ಲಿ ಕೂತಿರುವವನು ನಾನಲ್ವಾ?

ಸಂಜೆ ಎಲ್ಲರೂ ಹೋದ ಮೇಲೆ ನನ್ನ ಫೋನಿನಲ್ಲಿ ದೇಶಗಳ ಪಟ್ಟಿ ತೆಗೆದು ಭಾರತ ಅಂತ ಹಾಕಿದೆ. ಪಕ್ಕದ ಮೇಜಿಗೆ ಸುಮ್ನೆ ಡಯಲ್ ಮಾಡಿದೆ. ಗುರ್‌ರ್-ಗುರ್‌ರ್. ಎರಡು ಸೆಕೆಂಡು ಮೌನ. ಮತ್ತೆ ಗುರ್‌ರ್-ಗುರ್‌ರ್. 400 ಹರ್ಟ್ಜ್‌ನ ಸ್ವರವನ್ನು ಸೆಕೆಂಡಿಗೆ 25 ಸಲ ನಡುಗಿಸಿದಾಗ ಬರುವ ಸದ್ದು ಅದು. ತೀರ್ಥಹಳ್ಳಿಯ ಮನೆಗೆ ಫೋನ್ ಮಾಡಿ, ಅಮ್ಮ ಹಿತ್ತಿಲಿನಿಂದ ಕೈ ಒರೆಸಿಕೊಳ್ಳುತ್ತಾ ಬರುವವರೆಗೂ ಕಾಯುತ್ತಿದ್ದ ಸದ್ದು.

ಜರ್ಮನಿಯಲ್ಲಿ ಹಾಗಲ್ಲ. ಒಂದು ಸೆಕೆಂಡು ಪೀಂ, ಆಮೇಲೆ ಪೂರ್ತಿ ನಾಲ್ಕು ಸೆಕೆಂಡು ಏನೂ ಇಲ್ಲ. ಆಗೆಲ್ಲ ಯಾವ ದೇಶಕ್ಕೆ ಫೋನ್ ಮಾಡುತ್ತೇವೋ ಆ ದೇಶದ ಸದ್ದೇ ನಮಗೆ ಕೇಳುತ್ತಿತ್ತು. ಬಂದ ಹೊಸತರಲ್ಲಿ ನನ್ನ ರೂಮಿನ ಫೋನು ಭಾನುವಾರ ಒಂದೇ ಸಲ ಬಡಿದು ನಿಂತುಬಿಡುತ್ತಿತ್ತು. ಓಡಿ ಬಂದು ಎತ್ತಿದರೆ ಯಾರೂ ಇಲ್ಲ. ನಾನು ಯಾರೋ ರಾಂಗ್ ನಂಬರ್ ಅಂದುಕೊಂಡಿದ್ದೆ. ಒಂದು ತಿಂಗಳಾದ ಮೇಲೆ ಮಾತಿನ ಮಧ್ಯೆ ಅಮ್ಮ ಹೇಳಿದಳು: "ನಿಂಗೆ ಎಷ್ಟು ಸಲ ಮಾಡಿದೆ ಕಣೋ. ಒಂದ್ಸಲ ಪೀಂ ಅನ್ನತ್ತೆ, ಆಮೇಲೆ ಲೈನೇ ಸತ್ತುಹೋಗತ್ತೆ. ದುಡ್ಡು ಹೋಗತ್ತೆ ಅಂತ ಇಟ್ಟುಬಿಡ್ತಿದ್ದೆ."

ಲೈನ್ ಸತ್ತಿರಲಿಲ್ಲ. ಅಮ್ಮನ ಕಿವಿ ಎರಡು ಸೆಕೆಂಡಿನ ಮೌನಕ್ಕೆ ಒಗ್ಗಿತ್ತು, ಅಷ್ಟೇ. ಆ ಭಾನುವಾರಗಳನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಅವಳು ಅಲ್ಲಿ ರಿಸೀವರ್ ಇಡುತ್ತಿದ್ದಳು, ನಾನು ಇಲ್ಲಿ ಎತ್ತುತ್ತಿದ್ದೆ.

"ಸದ್ದು ನಿಂತ ಮೇಲೆ ಐದರವರೆಗೆ ಎಣಿಸಮ್ಮ, ಮತ್ತೆ ಬರುತ್ತೆ" ಅಂತ ಹೇಳಿಕೊಟ್ಟೆ. ಮುಂದಿನ ಭಾನುವಾರ ಎರಡನೇ ರಿಂಗಿಗೆ ಎತ್ತಿದೆ. ಅಮ್ಮ ಹಲೋ ಅನ್ನಲಿಲ್ಲ. ನಾನು ಎತ್ತಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. "ಎರಡು... ಮೂರು..." ಅಂತ ಜೋರಾಗಿ ಎಣಿಸುತ್ತಿದ್ದಳು.