ಪ್ಲಗ್ಗು ಗಣಪತಿ ಪಕ್ಕ ಇತ್ತು

ನಮ್ದು ಕುಶಾಲನಗರ ಕಡೆ. ಮಳೆಗಾಲದಲ್ಲಿ ಬರಪೊಳೆ ನದೀಲಿ ರಾಫ್ಟಿಂಗ್, ಮಳೆ ನಿಂತ್ಮೇಲೆ ಹಿನ್ನೀರಲ್ಲಿ ಕಯಾಕ್ ಅಂದ್ರೆ ಹುಟ್ಟು ಹಾಕೋ ಸಣ್ಣ ದೋಣಿ, ಇದೇ ನನ್ ಕೆಲಸ, ಒಂಬತ್ತು ವರ್ಷ ಆಯ್ತು. ದಿನಕ್ಕೆ ಐದಾರು ಸಲ ಗೆಸ್ಟುಗಳಿಗೆ ಸೇಫ್ಟಿ ಪಾಠ ಹೇಳಿ ಹೇಳಿ ನಿದ್ದೇಲೂ ಅದನ್ನೇ ಬಡಬಡಿಸ್ತೀನಿ ಅಂತ ಮನೇಲಿ ಬೈತಾರೆ, ಜಾಕೆಟ್ ಬಕಲ್ ಹಾಕಿ, ಹೆಲ್ಮೆಟ್ ಟೈಟ್ ಮಾಡಿ, ಬಿದ್ರೆ ಕಾಲು ಮುಂದೆ ಮಾಡಿ ತೇಲಿ, ಎದ್ದು ನಿಲ್ಬೇಡಿ. ಇಂಥ ನಾನೇ ಫೆಬ್ರವರೀಲಿ ಒಂದಿನ ಅರಬ್ಬೀ ಸಮುದ್ರದಲ್ಲಿ ಅರ್ಧ ನೀರು ತುಂಬಿದ ಕಯಾಕನ್ನ ತಬ್ಕೊಂಡು ತೇಲ್ತಾ ಇದ್ದೆ. ನಮ್ ಲೈನಲ್ಲಿರೋ ಹುಡುಗ್ರು ಓದ್ಲಿ ಅಂತ ಬರೀತಿದೀನಿ, ಅವ್ರಿಗಿಂತ ಮುಂಚೆ ನನ್ ಥರ ಸೀನಿಯರ್ ಅನ್ನಿಸ್ಕೊಂಡೋರು ಓದಿದ್ರೆ ಒಳ್ಳೇದು.

ಬೆಂಗಳೂರಿಂದ ಬರೋ ಗೆಸ್ಟುಗಳಲ್ಲಿ ಕೆಲವ್ರಿಗೆ ಗಾಳದ ಹುಚ್ಚು. ಬಂದ ತಕ್ಷಣ ಮಶೀರ್ ಹಿಡೀಬೋದಾ ಅಂತಾರೆ. ಕಾವೇರಿಯ ದೊಡ್ಡ ಮಶೀರನ್ನ 2018ರಲ್ಲೇ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯವ್ರು ತೀರಾ ಅಳಿವಿನಂಚಿನ ಪಟ್ಟಿಗೆ ಸೇರ್ಸಿದಾರೆ, ಅದರ ತಂಟೆ ನಮಗೆ ಬೇಡ್ವೇ ಬೇಡ ಅಂತ ಓನರ್ ಮುಂಚಿಂದನೂ ಹೇಳ್ಕೊಂಡ್ ಬಂದಿದಾರೆ. ಆಮೇಲೆ ಅವ್ರಿಗೇ ಒಂದು ಐಡಿಯಾ ಬಂತು, ಗಾಳದ ಗಿರಾಕಿಗಳನ್ನ ಘಟ್ಟ ಇಳಿಸಿ ಸಮುದ್ರದಲ್ಲಿ ಕಯಾಕ್ ಫಿಶಿಂಗ್ ಮಾಡ್ಸಿದ್ರೆ ಹೆಂಗೆ ಅಂತ. ನೀವಿಬ್ರು ಒಂದಿನ ಹೋಗಿ ನೋಡ್ಕೊಂಡ್ ಬನ್ನಿ, ಆಗತ್ತಾ ಇಲ್ವಾ ಹೇಳಿ ಅಂದ್ರು. ಇಬ್ರು ಅಂದ್ರೆ ನಾನು ಮತ್ತೆ ನಮ್ ಜೂನಿಯರ್ ಹುಡುಗ. ಎರಡು ವರ್ಷದಿಂದ ನನ್ ಕೈ ಕೆಳಗೇ ಕೆಲಸ ಕಲೀತಿದಾನೆ, ಮಾತು ಕಮ್ಮಿ, ಕಣ್ಣು ಚುರುಕು.

ಕಾಫಿ ಕುಯ್ಲು ಮುಗಿಯೋ ಟೈಮು, ರಾತ್ರಿ ಚಳಿ ಇನ್ನೂ ಇತ್ತು. ಪಿಕಪ್ ಮೇಲೆ ಎರಡು ಕಯಾಕ್ ಕಟ್ಕೊಂಡು ರಾತ್ರಿ ಒಂದು ಗಂಟೆಗೆ ಹೊರಟ್ವಿ. ಸುಂಟಿಕೊಪ್ಪ ದಾಟಿ ಮಡಿಕೇರೀಲಿ ಗಾಡಿ ಸೈಡಿಗೆ ಹಾಕ್ದೆ, ಯಾಕಂದ್ರೆ ಅಲ್ಲಿ ಒಂದು ಕೆಲಸ ಇದೆ. ಕಯಾಕ್ ಅನ್ನೋದು ಒಳಗೆ ಟೊಳ್ಳು, ಹಿಂದ್ಗಡೆ ನೀರು ಬಸಿಯಕ್ಕೆ ಹೆಬ್ಬೆರಳು ತೂರೋ ಅಷ್ಟು ದಪ್ಪದ ಒಂದು ತೂತು ಇರತ್ತೆ, ಅದಕ್ಕೊಂದು ತಿರುಗಿಸೋ ಪ್ಲಗ್ಗು. ಮಡಿಕೇರಿ ಸುಮಾರು 1150 ಮೀಟರ್ ಎತ್ತರ, ಅಲ್ಲಿ ಗಾಳಿ ಒತ್ತಡ ಸಮುದ್ರ ಮಟ್ಟಕ್ಕಿಂತ ನೂರಕ್ಕೆ 12-13ರಷ್ಟು ಕಮ್ಮಿ. ಪ್ಲಗ್ ಟೈಟ್ ಮಾಡ್ಕೊಂಡೇ ಘಟ್ಟ ಇಳಿದ್ರೆ ಹೊರಗಿನ ಒತ್ತಡ ಜಾಸ್ತಿ ಆಗಿ ಪ್ಲಾಸ್ಟಿಕ್ ಒಳಗೆ ಜಗ್ಗತ್ತೆ. ನಂಬಿಕೆ ಇಲ್ಲ ಅಂದ್ರೆ ಮಡಿಕೇರೀಲಿ ಅರ್ಧ ಕುಡಿದು ಮುಚ್ಚಳ ಹಾಕಿದ ನೀರಿನ ಬಾಟ್ಲಿನ ಸುಳ್ಯದಲ್ಲಿ ನೋಡಿ, ಯಾರೋ ಹಿಂಡಿ ಇಟ್ಟಂಗೆ ನೆಗ್ಗಿರತ್ತೆ. ಬಿಸಿಲಿಗೆ ಇದರ ಉಲ್ಟಾ, ಒಳಗಿನ ಗಾಳಿ ಹಿಗ್ಗತ್ತೆ, ಗಾಳಿ ತುಂಬಿದ ರಾಫ್ಟಿಂದ ಮಧ್ಯಾಹ್ನ ಸ್ವಲ್ಪ ಗಾಳಿ ಬಿಡ್ತೀವಲ್ಲ ಅದಕ್ಕೇನೆ. ಹಾಗಾಗಿ ಗಾಡಿ ಮೇಲೆ ಇರೋವಾಗ ಪ್ಲಗ್ ಬಿಚ್ಚಿಡೋದು ಸರಿಯಾದ ಪದ್ಧತಿನೇ. ಇದನ್ನೆಲ್ಲ ಹುಡುಗನಿಗೆ ಬಾಟ್ಲಿ ತೋರಿಸಿ ಹತ್ತು ನಿಮಿಷ ಲೆಕ್ಚರ್ ಕೊಟ್ಟೆ. ಎರಡೂ ಪ್ಲಗ್ ಬಿಚ್ಚಿ ಅವನ ಕಯಾಕಿಂದು ಅವನ ಕೈಗೆ ಕೊಟ್ಟು, ನನ್ದನ್ನ ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಪಕ್ಕ ಇಟ್ಟೆ.

ಅವನು ಆಗ ಒಂದು ಮಾತು ಕೇಳ್ದ. 'ಅಣ್ಣಾ, ಮರ್ತ್‌ಹೋದ್ರೆ? ಒಂದು ದಾರ ಕಟ್ಟಿ ಅಲ್ಲೇ ನೇತಾಕೋಣ್ವಾ?'

'ಒಂಬತ್ತು ವರ್ಷದಿಂದ ಇದೇ ಮಾಡ್ತಿದೀನಿ ಕಣೋ, ನೀನ್ ಹೇಳ್ಕೊಡ್ಬೇಡ' ಅಂದೆ. ನಗ್ತಾನೇ ಅಂದಿದ್ದು, ಅವನೂ ನಕ್ಕ.

ಸಂಪಾಜೆ ಇಳಿದ್ಮೇಲೆ ಪಯಸ್ವಿನಿ ರಸ್ತೆ ಪಕ್ಕಕ್ಕೆ ಬರತ್ತೆ. ನಮ್ ಬೆಟ್ಟದ ಮಳೆ ಆ ಕಡೆ ಬಿದ್ರೆ ಕಾವೇರಿ ಆಗಿ ಬಂಗಾಳ ಕೊಲ್ಲಿಗೆ, ಈ ಕಡೆ ಬಿದ್ರೆ ಪಯಸ್ವಿನಿ ಆಗಿ ಕಾಸರಗೋಡಿನ ಹತ್ರ ಅರಬ್ಬೀ ಸಮುದ್ರಕ್ಕೆ. ಇದನ್ನೂ ಹೇಳ್ದೆ, ಅವನು ಅಷ್ಟೊತ್ತಿಗೆ ಗೊರಕೆ ಹೊಡೀತಿದ್ದ.

ಪುತ್ತೂರು, ಬಿ.ಸಿ. ರೋಡು, ಸುರತ್ಕಲ್, ಹಳೆಯಂಗಡಿ, ಆರು ಗಂಟೆ ದಾಟೋ ಹೊತ್ತಿಗೆ ಸಸಿಹಿತ್ಲು. ಅಲ್ಲಿ ನಂದಿನಿ, ಶಾಂಭವಿ ಎರಡೂ ನದಿ ಸೇರಿ ಸಮುದ್ರಕ್ಕೆ ಹೋಗ್ತವೆ, ಆ ಬಾಯಿಗೆ ಅಳಿವೆ ಅಂತಾರೆ. ಬಲೆ ಬಿಡಿಸ್ತಾ ಕೂತಿದ್ದ ಒಬ್ರು ಅಜ್ಜ ನಮ್ ಕಯಾಕ್ ನೋಡಿ 'ಇದ್ರಲ್ಲಿ ಹೋಗುದಾ?' ಅಂತ ಎರಡು ಸಲ ಕೇಳಿದ್ರು. ಆಮೇಲೆ ಪಾಪ ಕೂರಿಸ್ಕೊಂಡು ಹೇಳಿದ್ರು, ಈಗ ಭರತ, ನೀರು ನಿಂತಿದೆ, ಬೇಗ ದಾಟಿ, ಇಳಿತ ಜೋರಾದ್ಮೇಲೆ ಅಳಿವೆಯಲ್ಲಿ ಬರ್ಬೇಡಿ, ಹೊರಗೆ ಹೋಗುವ ನೀರಿಗೂ ಒಳಗೆ ಬರುವ ತೆರೆಗೂ ಅಲ್ಲಿ ಗುದ್ದಾಟ, ತೆರೆ ನೆಟ್ಟಗೆ ಎದ್ದು ನಿಲ್ತದೆ ಅಂತ. ಬೆಳಿಗ್ಗೆ ಮೂಡು ಗಾಳಿ ಇರ್ತದೆ, ನಿಮಗೆ ಗೊತ್ತೇ ಆಗುದಿಲ್ಲ, ಮೆಲ್ಲ ಹೊರಗೆ ದೂಡ್ತದೆ, ಆ ಟವರು ಮತ್ತೆ ಆ ಎತ್ತರದ ತೆಂಗಿನಮರ ಎರಡೂ ಒಂದೇ ಗೆರೆಯಲ್ಲಿ ಇಟ್ಕೊಳ್ಳಿ ಅಂದ್ರು. ಹೊಳೆಯವ್ರಿಗೆ ಈ ಬುದ್ಧಿ ಇರಲ್ಲ. ಹೊಳೇಲಿ ನೀರು ಎಲ್ಲಿಗೆ ಕರ್ಕೊಂಡ್ ಹೋಗತ್ತೆ ಅಂತ ಕಣ್ಣಿಗೆ ಕಾಣತ್ತೆ, ಸುಸ್ತಾದ್ರೆ ಬಂಡೆ ಹಿಂದ್ಗಡೆ ಸುಳಿ ನೀರಲ್ಲಿ ನಿಲ್ಲಿಸ್ಕೊಂಡು ಉಸಿರು ಬಿಡ್ಬೋದು, ಎರಡೂ ಕಡೆ ದಡ ಇರತ್ತೆ. ಸಮುದ್ರಕ್ಕೆ ಇರೋದು ಒಂದೇ ದಡ.

ಹಿಂದಿನ ದಿನ ಸಮುದ್ರದ ಸ್ಥಿತಿ ಹೇಳೋ ಸರ್ಕಾರಿ ಸಂಸ್ಥೆ ಇನ್ಕಾಯ್ಸಿನ ಮುನ್ಸೂಚನೆ ನೋಡಿದ್ದೆ, ಅಲೆ ಕಮ್ಮಿ ಇತ್ತು. ಕೋಸ್ಟ್ ಗಾರ್ಡಿನ 1554 ಇಬ್ರ ಫೋನಲ್ಲೂ ಸೇವ್ ಆಗಿತ್ತು. ಜಾಕೆಟ್, ವಿಸಿಲ್, ಹುಟ್ಟಿಗೆ ಹಗ್ಗ, ಚಾಕು, ಎಲ್ಲಾ ಇತ್ತು. ನಾನು ಹುಡುಗನ ಕಯಾಕಿನ ಸುತ್ತ ಒಂದು ರೌಂಡ್ ಬಂದು ಅವನ ಪ್ಲಗ್ ತಿರುಗಿಸಿ ನೋಡ್ದೆ, ಜಾಕೆಟ್ ಎಳೆದು ನೋಡ್ದೆ. ನನ್ ಕಯಾಕಿನ ಸುತ್ತ ಯಾರೂ ರೌಂಡ್ ಬರ್ಲಿಲ್ಲ.

ಅಳಿವೆ ದಾಟಿದ ಮೇಲಿನ ಎರಡು ಗಂಟೆ ಬಗ್ಗೆ ಬೇಕಾದ್ರೆ ಇಡೀ ದಿನ ಮಾತಾಡ್ತೀನಿ. ಬಿಸಿಲು ಇನ್ನೂ ಘಟ್ಟದ ಹಿಂದ್ಗಡೆ, ನೀರು ಎಣ್ಣೆ ಥರ, ದೂರದಲ್ಲಿ ಬೋಟುಗಳ ಗುಡುಗುಡು. ಗರಿ ಕಟ್ಟಿದ ಐದು ಗಾಳದ ದಾರ ಬಿಟ್ಟು ಸುಮ್ನೆ ಮೇಲೆ ಕೆಳಗೆ ಆಡಿಸ್ತಾ ಕೂತಿದ್ವಿ, ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಪಕ್ಕದಲ್ಲಿ ನೀರು ಮಳೆ ಬಿದ್ದಂಗೆ ಪಟಪಟ ಅಂತು, ಬಂಗುಡೆ ಗುಂಪು. ರಾಡ್ ತುದಿ ಗಡಗಡ ನಡುಗ್ತು, ಎಳೆದ್ರೆ ಒಂದೇ ದಾರಕ್ಕೆ ಮೂರು, ಬೆನ್ನ ಮೇಲೆ ಹಸಿರು ನೀಲಿ ಗೆರೆ, ಹೊಟ್ಟೆ ಬೆಳ್ಳಿ ಥರ. ಮಡಿಕೇರಿ ಮಾರ್ಕೆಟಲ್ಲಿ ಐಸ್ ಮೇಲೆ ಮಲಗಿರೋ ಬಂಗುಡೆ ಮಾತ್ರ ನೋಡಿದೋನು ನಾನು, ಜೀವ ಇರೋ ಬಂಗುಡೆ ಕೈಯಲ್ಲಿ ಹಿಂಗೆ ಮೋಟರ್ ಥರ ಅದುರತ್ತೆ ಅಂತ ಗೊತ್ತಿರ್ಲಿಲ್ಲ. ಹುಡುಗ ಒಂದು ಕೊಡ್ಡಾಯಿ ಹಿಡ್ದ. ಆ ಖುಷೀಲಿ ಟವರ್ರು ತೆಂಗಿನಮರ ಎಲ್ಲಾ ಮರೆತೇ ಹೋಗಿತ್ತು.

ಮಧ್ಯ ಒಂದೆರಡು ಸಲ ಕಯಾಕ್ ಯಾಕೋ ಭಾರ ಅನ್ನಿಸ್ತು. ಹುಟ್ಟು ಹಾಕಿದ್ರೆ ಮುಂದೆ ಹೋಗೋದು ನಿಧಾನ, ತಿರುಗಿಸಿದ್ರೆ ಇನ್ನೂ ನಿಧಾನ. ರಾತ್ರಿ ನಿದ್ದೆ ಇಲ್ವಲ್ಲ, ಕೈ ಸೋತಿರ್ಬೇಕು ಅಂದ್ಕೊಂಡೆ. ಹಿಂದ್ಗಡೆ ಐಸ್ ಬಾಕ್ಸ್ ಭಾರಕ್ಕೆ ಹಿಂಭಾಗ ಮೊದಲೇ ತಗ್ಗಿತ್ತು, ಪ್ರತಿ ಸಣ್ಣ ಅಲೆಗೂ ಆ ತೂತು ಒಂದೊಂದು ಗುಟುಕು ಕುಡೀತಿತ್ತು ಅಂತ ಆಮೇಲೆ ಲೆಕ್ಕ ಹಾಕಿದ್ದು.

ಒಂಬತ್ತೂಕಾಲಿರ್ಬೇಕು, ಹುಡುಗನ ಗಾಳಕ್ಕೆ ತೇಡೆ ಬಿತ್ತು, ಮೀಸೆ ಇರೋ ಮೀನು. ಅವನು ಬರಿಗೈ ಹಾಕೋಕೆ ಹೋದ. 'ಏಯ್, ಮುಟ್ಬೇಡ' ಅಂತ ಕಿರುಚ್ದೆ. ತೇಡೆಗೆ ಎರಡೂ ಪಕ್ಕದ ರೆಕ್ಕೇಲಿ ಒಂದೊಂದು, ಬೆನ್ನ ಮೇಲೊಂದು ಗರಗಸದಂಥ ಮುಳ್ಳು, ಅದರಲ್ಲಿ ವಿಷ. ಚುಚ್ಚಿದ್ರೆ ತಡೆಯೋ ಅಷ್ಟು ಬಿಸಿ ನೀರಲ್ಲಿ ಕೈ ಮುಳುಗಿಸಿ ಇಡ್ಬೇಕು, ಆಗ ನೋವು ಇಳಿಯತ್ತೆ, ಆಮೇಲೆ ಡಾಕ್ಟ್ರು. ಇಷ್ಟನ್ನೂ ಅಲ್ಲೇ ಪಾಠ ಮಾಡ್ತಾ ಕಟಿಂಗ್ ಪ್ಲೇಯರ್ ಕೊಡೋಣ ಅಂತ ಅವನ ಕಡೆ ಬಾಗಿದೆ. ಒಳಗಿದ್ದ ನೀರೂ ನನ್ ಜೊತೇಲೇ ಆ ಕಡೆ ಬಾಗ್ತು. ಒಂದ್ ಸೆಕೆಂಡು ಅಷ್ಟೆ.

ಉಪ್ಪು ನೀರು ಮೂಗಿಗೆ ಹೋದ್ರೆ ಎಷ್ಟು ಉರಿಯತ್ತೆ ಅಂತ ಹೊಳೇಲಿ ಬೆಳೆದೋರಿಗೆ ಗೊತ್ತಿರಲ್ಲ. ಮೇಲೆ ಬಂದೆ, ಹುಟ್ಟು ಹಗ್ಗದಲ್ಲಿತ್ತು, ಗಾಳದ ರಾಡ್ ಓನರಿಂದು, ಅದಕ್ಕೆ ಹಗ್ಗ ಕಟ್ಟಿರ್ಲಿಲ್ಲ, ಅದು ಹೋಯ್ತು. ಕಯಾಕ್ ನೆಟ್ಟಗೆ ತಿರುಗಿಸಿ, ಹೊಟ್ಟೆ ಮೇಲೆ ಹತ್ತಿ, ಕಾಲು ಬಡಿದು, ಹೊರಳಿ ಕೂರೋದು, ನೂರಾರು ಸಲ ಗೆಸ್ಟುಗಳಿಗೆ ಕಲಿಸಿದೀನಿ. ಮೂರು ಸಲ ಹತ್ತಿದೆ, ಮೂರು ಸಲಾನೂ ಅದು ಉರುಳಿ ನನ್ನ ಕೆಳಗೆ ಹಾಕ್ತು. ನಾಲ್ಕನೇ ಸಲ ಕಿವಿ ಇಟ್ಟಾಗ ಒಳಗೆ ಗಳಗಳ ಅಂತಿತ್ತು, ಬಿಂದಿಗೆ ಅಲ್ಲಾಡಿಸಿದಂಗೆ.

'ಒಳಗೆ ನೀರಿದೆ ಕಣೋ' ಅಂದೆ.

ಹುಡುಗ ಮೆಲ್ಲಗೆ, 'ಅಣ್ಣಾ, ಪ್ಲಗ್ ಹಾಕಿದ್ರಾ?'

ನನ್ ಕಣ್ಮುಂದೆ ಬಂದಿದ್ದು ಗಣಪತಿ.

ಅವನ ತಲೆ ಆವತ್ತು ನನ್ದಕ್ಕಿಂತ ಚೆನ್ನಾಗಿ ಓಡ್ತು. ಗಾಳದ ತೇಲುಬುರುಡೆ ಒಂದನ್ನ ಚಾಕೂಲಿ ಕೆತ್ತಿ, ಕರ್ಚೀಫ್ ಸುತ್ತಿ, ತೂತಿಗೆ ತಿರುಗಿಸಿ ತಿರುಗಿಸಿ ತುರುಕ್ದ. ಹೊಸ ನೀರು ಬರೋದು ನಿಲ್ತು, ಹಳೇ ನೀರು ಇದ್ದೇ ಇತ್ತು, ಪಂಪ್ ಪಿಕಪ್ಪಲ್ಲೇ ಬಿಟ್ಟು ಬಂದಿದ್ವಿ. ತಲೆ ಎತ್ತಿ ನೋಡಿದ್ರೆ ತೆಂಗಿನಮರ ಕೊತ್ತಂಬರಿ ಕಟ್ಟಿನಷ್ಟು ಸಣ್ಣ ಆಗಿತ್ತು. ಅಜ್ಜ ಹೇಳಿದ ಮೂಡು ಗಾಳಿ ಅದರ ಕೆಲಸ ಅದು ಮಾಡಿತ್ತು. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ಸಮುದ್ರದಿಂದ ದಡಕ್ಕೆ ತಿರುಗತ್ತೆ ಅಂತ ಗೊತ್ತು, ಅಲ್ಲೀ ತನಕ ನೀರಲ್ಲಿ ಕಾಯೋಕಾಗತ್ತಾ? ಅವನ ಕಯಾಕಿನ ಹಿಂದ್ಗಡೆ ಹಗ್ಗ ಹಿಡ್ಕೊಂಡೆ, ಅವನು ವಿಸಿಲ್ ಊದ್ತಾ ಒಂದು ಕೈಯಲ್ಲಿ ಫೋನ್ ತೆಗೆದು 1554 ಒತ್ತೋ ಹೊತ್ತಿಗೆ ಒಂದು ನಾಡದೋಣಿ ನಮ್ ಕಡೆ ತಿರುಗ್ತು.

ದೋಣೀಲಿ ನಾಲ್ಕು ಜನ. ಬೈಗುಳ ಬರತ್ತೆ ಅಂದ್ಕೊಂಡಿದ್ದೆ, 'ಎಂತ ಮಾರಾಯ್ರೆ, ಬಾಲ್ದಿಯಲ್ಲಿ ಬಂದದ್ದಾ?' ಅಂತ ನಕ್ಕರು ಅಷ್ಟೆ. ನನ್ನ ಕಂಕುಳಿಗೆ ಕೈ ಹಾಕಿ ಎತ್ಕೊಂಡ್ರು. ಕಯಾಕನ್ನ ದೋಣಿಗೆ ಅಡ್ಡ ಎಳ್ಕೊಂಡು, ಹಿಂಭಾಗ ಹೊರಗೆ ಇಳಿಜಾರು ಮಾಡಿ ಹಿಡ್ಕೊಂಡು ಕರ್ಚೀಫ್ ಕಿತ್ರು. ನೀರು ಕೊಳಾಯಿ ಬಿಟ್ಟಂಗೆ ಸುರೀತು, ಸುರೀತಾನೇ ಇತ್ತು, ಯಾರೂ ಮಾತಾಡ್ಲಿಲ್ಲ, ಎಲ್ಲಾ ಆ ತೂತನ್ನೇ ನೋಡ್ತಾ ನಿಂತಿದ್ವಿ. ನನ್ ಜೀವನದಲ್ಲಿ ಅಷ್ಟು ಉದ್ದದ ಐದು ನಿಮಿಷ ಇನ್ನೊಂದಿಲ್ಲ. ಇಳಿತದಲ್ಲಿ ಅಳಿವೆ ದಾಟಿಸ್ವಾಗ ತೆರೆ ನಿಜವಾಗ್ಲೂ ಗೋಡೆ ಥರ ಎದ್ದು ನಿಂತಿತ್ತು, ನಾನಾಗಿದ್ರೆ ಹೋಗ್ತಿರ್ಲಿಲ್ಲ, ಅವ್ರಿಗೆ ಅದು ದಿನದ ದಾರಿ. ದುಡ್ಡು ಕೊಟ್ರೆ ಕೈ ಮುಟ್ಲಿಲ್ಲ. ಗಾಡೀಲಿ ಮನೆ ಕಾಫಿ ಪುಡಿ ಎರಡು ಪ್ಯಾಕೆಟ್ ಇತ್ತು, ಅದನ್ನ ತಗೊಂಡ್ರು, ನಮ್ ಐಸ್ ಬಾಕ್ಸ್ ಸಮುದ್ರ ಪಾಲಾಗಿದ್ದಕ್ಕೆ ಒಂದು ಬುಟ್ಟಿ ಬಂಗುಡೆ ಅವ್ರೇ ಕೊಟ್ರು.

ವಾಪಸ್ ಬರ್ತಾ ಸುಳ್ಯ ತನಕ ಇಬ್ರೂ ಮಾತಿಲ್ಲ. ಸಂಪಾಜೆ ಹತ್ರ ಕೇಳ್ದೆ, ನನ್ ತೂತು ತೆರೆದಿರೋದು ನಿನಗೆ ಯಾವಾಗ ಗೊತ್ತಾಯ್ತು ಅಂತ.

'ಬೀಚಲ್ಲೇ ನೋಡ್ದೆ ಅಣ್ಣಾ. ನಿಮ್ದು ಬೇರೆ ಮಾಡೆಲ್ಲು, ಬಿಸಿಲಿಗೆ ಗಾಳಿ ಹಿಗ್ಗತ್ತೆ ಅಂದ್ರಲ್ಲ, ಅದಕ್ಕೇ ಏನೋ ಬಿಟ್ಟಿದೀರಿ ಅಂದ್ಕೊಂಡೆ. ಕೇಳೋಣ ಅನ್ನಿಸ್ತು. ಮಡಿಕೇರೀಲಿ ಬೈದ್ರಲ್ಲ.'

ಬೈದಿರ್ಲಿಲ್ಲ ಕಣೋ, ತಮಾಷೆ ಮಾಡಿದ್ದು ಅನ್ನೋಕೆ ಬಾಯಿ ತೆಗೆದು ಸುಮ್ನಾದೆ. ನಾನು ತಮಾಷೆ ಅಂದ್ಕೊಂಡಿದ್ದು ಅವನಿಗೆ ರೂಲ್ ಆಗಿತ್ತು. ಎರಡು ವರ್ಷದಲ್ಲಿ ಇಂಥ ತಮಾಷೆ ಎಷ್ಟು ಮಾಡಿದೀನೋ, ಬರಪೊಳೇಲಿ ಎಷ್ಟು ಸಲ ಅವನು ಏನೋ ನೋಡಿ ಬಾಯಿ ಮುಚ್ಕೊಂಡಿದಾನೋ. ಘಟ್ಟ ಹತ್ತೋವಷ್ಟೂ ಅದೇ ತಲೇಲಿ.

ಓನರ್ ಹತ್ರ ರಾಡ್ ಅಲೆಗೆ ಹೋಯ್ತು ಅಂತಷ್ಟೇ ಹೇಳೋಣ ಅಂತ ಮಡಿಕೇರಿ ತನಕ ಪ್ಲಾನ್ ಇತ್ತು, ಸುಳ್ಳು ಹೇಳಲ್ಲ. ಹುಡುಗ ಪಕ್ಕದಲ್ಲಿ ಕೂತಿದ್ದ, ಹಂಗೆ ಹೇಳಿದ್ರೆ ಅವನು ಇನ್ನೊಂದು ಪಾಠ ಕಲೀತಾನೆ ಅನ್ನಿಸಿ ಇದ್ದಿದ್ದು ಇದ್ದಂಗೆ ಹೇಳ್ದೆ. ರಾಡಿನ ಅರ್ಧ ದುಡ್ಡು ಸಂಬಳದಲ್ಲಿ ಕಟ್ಟಾಯ್ತು, ನ್ಯಾಯವೇ. ಸಮುದ್ರದ ಪ್ಯಾಕೇಜ್ ಸದ್ಯಕ್ಕೆ ಬೇಡ, ಮಾಡೋದೇ ಆದ್ರೆ ಕರಾವಳಿಯವ್ರ ದೋಣಿ ಜೊತೇಲಿ ಇರ್ಬೇಕು ಅಂತ ರಿಪೋರ್ಟ್ ಕೊಟ್ಟೆ.

ಈಗ ನಮ್ಮಲ್ಲಿ ಎಲ್ಲಾ ಪ್ಲಗ್ಗಿಗೂ ಕಿತ್ತಳೆ ಬಣ್ಣದ ನೈಲಾನ್ ದಾರ, ತೂತಿನ ಪಕ್ಕದ ಹಿಡಿಗೇ ಕಟ್ಟಿರ್ತೀವಿ, ಬಿಚ್ಚಿದ್ರೂ ಅಲ್ಲೇ ನೇತಾಡ್ತಿರತ್ತೆ. ಅವನು ಮಡಿಕೇರೀಲಿ ಕೇಳಿದ್ದು ಅದನ್ನೇ ತಾನೇ. ಇನ್ನೊಂದು, ಸೀನಿಯರ್ ಬೋಟನ್ನ ಜೂನಿಯರ್ರೇ ಚೆಕ್ ಮಾಡ್ಬೇಕು, ಅವನು ಹೂಂ ಅನ್ನೋ ತನಕ ಸೀನಿಯರ್ ನೀರಿಗಿಳಿಯಂಗಿಲ್ಲ. ಮೊದಲ ವಾರ ಅವನು ನಾಚ್ಕೊಂಡು ಒಂದು ಸುತ್ತು ಬಂದು ಹೂಂ ಅಂದ್ಬಿಡ್ತಿದ್ದ. ಹೋದ ಭಾನುವಾರ ಹನ್ನೆರಡು ಜನ ಗೆಸ್ಟುಗಳ ಎದುರು, ನಾನು ಪಾಠ ಮುಗಿಸಿ ಕಯಾಕ್ ತಳ್ಳೋ ಹೊತ್ತಿಗೆ, 'ಅಣ್ಣಾ, ನಿಲ್ಲಿ' ಅಂದ. ನನ್ ಜಾಕೆಟ್ಟಿನ ಕೆಳಗಿನ ಬಕಲ್ ಹಾಕಿರ್ಲಿಲ್ಲ. ಗೆಸ್ಟುಗಳಲ್ಲಿ ಯಾರೋ ಕಿಸಕ್ ಅಂದ್ರು. ಕಿವಿ ಬಿಸಿ ಆಯ್ತು, ಏನೋ ಒಂದು ಮಾತು ನಾಲಿಗೆ ತುದಿಗೆ ಬಂತು, ನುಂಗ್ಕೊಂಡು ಬಕಲ್ ಹಾಕ್ದೆ. ಅವನು ಬಗ್ಗಿ ಕಿತ್ತಳೆ ದಾರ ಒಂದ್ಸಲ ಎಳೆದು ನೋಡಿ, ಆಮೇಲೆ ಹೂಂ ಅಂದ.