ಲೈಬ್ರರಿಯಲ್ಲಿ 600ರ ಕಪಾಟು

ಹೊಸದೇನಾದರೂ ಕಲಿಯಬೇಕು ಅನ್ನಿಸಿದರೆ ನಾನು ನೇರ ಹೋಗುವುದು ಲೈಬ್ರರಿಯ 600ರ ಕಪಾಟಿಗೆ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಮಾಂಶ ವರ್ಗೀಕರಣದಲ್ಲಿ, ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕಗಳಿಗೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ, ತೋಟಗಾರಿಕೆ 635, ಅಡುಗೆ 641, ಹೊಲಿಗೆ 646. ಒಂದನ್ನು ಹುಡುಕಲು ಹೋದರೆ ಪಕ್ಕದ್ದೂ ಕೈಗೆ ಬರುತ್ತದೆ, ಅದೇ ದೊಡ್ಡ ಲಾಭ ಅಲ್ವಾ?

ನಾನು ಕಾಂಪೋಸ್ಟ್ ಮಾಡಲು ಕಲಿತದ್ದೂ ಹೀಗೇ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಟ್ಟು ರಾಶಿಯಲ್ಲಿ ಇಂಗಾಲ ಸಾರಜನಕದ ಸುಮಾರು 30 ಪಟ್ಟು ಇದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಕೆಟ್ಟ ವಾಸನೆ ಬಂದರೆ ಸಾಮಾನ್ಯವಾಗಿ ನೀರು ಜಾಸ್ತಿಯಾಗಿ ಗಾಳಿ ಸಾಲುತ್ತಿಲ್ಲ ಅಂತ ಅರ್ಥ; ಒಣ ಎಲೆ ಸೇರಿಸಿ ಕೆದಕಬೇಕು. ವಿಡಿಯೋಗಳು ಹೇಗೆ ಅನ್ನುವುದನ್ನು ಚೆನ್ನಾಗಿ ತೋರಿಸುತ್ತವೆ, ಆದರೆ ಯಾಕೆ ಅನ್ನುವುದು ನನಗೆ ಹೊಳೆದದ್ದು ಪುಸ್ತಕದಿಂದಲೇ.

ಪುಸ್ತಕ ಆರಿಸುವಾಗ ಸುಮ್ನೆ ಮುಖಪುಟ ನೋಡಬೇಡಿ. ಕೊನೆಯಲ್ಲಿರುವ ಪದಸೂಚಿ ತೆರೆಯಿರಿ, ನಿಮ್ಮ ಪ್ರಶ್ನೆ ಅಲ್ಲಿದೆಯಾ ನೋಡಿ, ಇದ್ದರೆ ಮನೆಗೆ ತನ್ನಿ.